ಮುಖದ ಇಸಬಿನ ಜಾಡು ಹಿಡಿದು

ಕಾಲಿಗೆ ಇಸಬಾದರೆ ಪಂಚೆಯೋ ಸೀರೆಯೋ ಮುಚ್ಚಿಕೊಳ್ಳುತ್ತದೆ. ಕೈಗಾದರೆ ತುಂಬುತೋಳಿನ ಅಂಗಿಯಿದೆ. ಮುಖಕ್ಕಾದರೆ ಊರಿಗೆಲ್ಲ ಗೊತ್ತು, ಊರೆಲ್ಲ ವೈದ್ಯರು. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ತರಕಾರಿ ತೂಗುವವರು, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರು, ಲಿಫ್ಟಿನಲ್ಲಿ ಸಿಕ್ಕ ಮೇಲಿನ ಮನೆಯವರು, ಎಲ್ಲರದೂ ಒಂದೇ ಪ್ರಶ್ನೆ: "ಮುಖಕ್ಕೇನಾಯ್ತು? ಏನು ತಿಂದ್ರಿ?" ಉತ್ತರಕ್ಕೆ ಯಾರೂ ಕಾಯುವುದಿಲ್ಲ. ಬದನೆಕಾಯಿ ನಂಜು, ಹಲಸಿನ ಹಣ್ಣು ಉಷ್ಣ, ಕಡಲೆಬೀಜ ಪಿತ್ತ, ಮೊಸರು ಕಫ. ಇಷ್ಟನ್ನೂ ಬಿಟ್ಟವರು ಕೊನೆಗೆ ಅನ್ನ ಸಾರಿಗೆ ಬಂದು ನಿಲ್ಲುತ್ತಾರೆ. ಮುಖ ಮಾತ್ರ ಹಾಗೇ ಇರುತ್ತದೆ.

ನಂಜಿನ ಮಾತು ಪೂರ್ತಿ ಸುಳ್ಳೆಂದು ನಾನು ಹೇಳುವುದಿಲ್ಲ. ಊಟವಾಗಿ ಅರ್ಧ ಗಂಟೆಯಲ್ಲಿ ತುಟಿ ಊದಿ, ಮೈಮೇಲೆ ದದ್ದೆದ್ದು, ಮರುದಿನದ ಹೊತ್ತಿಗೆ ಗುರುತೂ ಉಳಿಯದಂತೆ ಇಳಿದುಹೋದರೆ ಅದು ಪಿತ್ತಗಂಧೆ. ಅಲ್ಲಿ ತಿಂದದ್ದನ್ನು ಅನುಮಾನಿಸುವುದೇ ಸರಿ. ಇಸಬಿನ ನಡೆ ಬೇರೆ. ಅದು ದಿನಗಟ್ಟಲೆ ಕೂತಿರುತ್ತದೆ, ನವೆಯಾಗುತ್ತದೆ, ಹೊಟ್ಟೇಳುತ್ತದೆ, ಕೆರೆದರೆ ನೀರಾಡುತ್ತದೆ, ಆರಿದ ಮೇಲೂ ಕಪ್ಪು ಕಲೆ ಬಿಟ್ಟು ಹೋಗುತ್ತದೆ. ತೀವ್ರ ಇಸಬಿರುವ ಎಳೆಯ ಮಕ್ಕಳಲ್ಲಿ ಹಾಲು, ಮೊಟ್ಟೆಯಂಥವುಗಳ ಪಾತ್ರ ಇರಬಹುದು. ವಯಸ್ಕರಲ್ಲಿ, ಅದರಲ್ಲೂ ಮುಖಕ್ಕಷ್ಟೇ ಸೀಮಿತವಾದ ಇಸಬಿನಲ್ಲಿ, ಊಟ ಕಾರಣವಾಗುವುದು ಅಪರೂಪ. ಆದರೂ ಈಗ ನಂಜಿನ ಪಟ್ಟಿಗೆ ಲ್ಯಾಬಿನ ಮೊಹರು ಸಿಕ್ಕಿದೆ. ಒಂದು ಸಿರಿಂಜ್ ರಕ್ತ ಕೊಟ್ಟರೆ ಹತ್ತಾರು ಪದಾರ್ಥಗಳ ಹೆಸರಿನ ಮುಂದೆ ಐಜಿಇ ಎಂಬ ಪ್ರತಿಕಾಯದ ಅಂಕಿ ಬರೆದು ಕೊಡುತ್ತಾರೆ. ಆ ಅಂಕಿ ಹೇಳುವುದು ದೇಹಕ್ಕೆ ಆ ಪದಾರ್ಥದ ಗುರುತಿದೆ ಎಂಬುದನ್ನಷ್ಟೇ. ಅದರಿಂದಲೇ ಮುಖ ಕೆಟ್ಟಿದೆ ಎಂದಲ್ಲ. ವರ್ಷಗಟ್ಟಲೆ ಸುಖವಾಗಿ ತಿಂದುಕೊಂಡು ಬಂದ ತೊಗರಿಬೇಳೆಯನ್ನು ಒಂದು ಕಾಗದ ನೋಡಿ ಬಿಟ್ಟವರನ್ನು ನಾನು ಬಲ್ಲೆ.

ಚರ್ಮವೈದ್ಯರು ಮೊದಲು ನೋಡುವುದು ತಟ್ಟೆಯನ್ನಲ್ಲ, ಮುಖದಲ್ಲಿ ಇಸಬು ಎಲ್ಲಿ ಕೂತಿದೆ ಎಂಬುದನ್ನು. ಹುಬ್ಬಿನಲ್ಲೋ, ರೆಪ್ಪೆಯ ಮೇಲೋ, ಹಣೆಯ ನಡುವೆಯೋ, ಕಿವಿಯ ಹಿಂದೆಯೋ, ಗಲ್ಲದ ಕೆಳಗೋ. ಮುಟ್ಟಿದ್ದು ಎಲ್ಲಿ ಮುಟ್ಟಿತೋ ಅಲ್ಲಿ ಗುರುತು ಬಿಟ್ಟಿರುತ್ತದೆ. ನಮ್ಮ ದಕ್ಷಿಣ ಬೆಂಗಳೂರಿನ ಮಟ್ಟಿಗೆ ಈ ಜಾಡು ಹಿಡಿದು ಹೊರಟರೆ ಸ್ಟಿಕ್ಕರ್ ಬೊಟ್ಟಿನಿಂದ ಹಿಡಿದು ಖಾಲಿ ಸೈಟಿನ ಕಳೆಯವರೆಗೆ, ಮೂಲೆಯ ಮೆಡಿಕಲ್ ಶಾಪಿನವರೆಗೆ ಹೋಗಬೇಕಾಗುತ್ತದೆ.

ಅದಕ್ಕೆ ಮೊದಲು ಚರ್ಮದ ವಿಚಾರ ಸ್ವಲ್ಪ. ಹೊರಪದರದ ಜೀವಕೋಶಗಳು ಇಟ್ಟಿಗೆಯಂತೆ ಒತ್ತೊತ್ತಾಗಿ ಕೂತಿರುತ್ತವೆ, ಅವುಗಳ ನಡುವಿನ ಕೊಬ್ಬು ಗಾರೆಯ ಕೆಲಸ ಮಾಡುತ್ತದೆ. ಗಾರೆ ಉದುರಿದರೆ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಕೊಳೆ ಒಳಗೆ ಬರುತ್ತದೆ. ಕೆಲವರಲ್ಲಿ ಈ ಕಟ್ಟಡವೇ ಹುಟ್ಟಿನಿಂದ ದುರ್ಬಲ. ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದ್ದರೆ ಇಸಬು ಬರುವ ಸಂಭವ ಹೆಚ್ಚು ಎಂದು ಸ್ಕಾಟ್ಲೆಂಡಿನ ಡಂಡಿ ವಿಶ್ವವಿದ್ಯಾಲಯದ ತಂಡ 2006ರಲ್ಲಿ ತೋರಿಸಿತು. ಮನೆಯಲ್ಲಿ ಯಾರಿಗಾದರೂ ಉಬ್ಬಸ, ಬೆಳಗಿನ ಸೀನು, ಎಳವೆಯಲ್ಲಿ ಮೊಣಕೈ ಮಡಿಕೆಯ ಇಸಬು ಇದ್ದರೆ ಅದೇ ಬಳುವಳಿ ಮೂವತ್ತು ನಲವತ್ತರಲ್ಲಿ ಮುಖದ ಮೇಲೆ ಏಳಬಹುದು. ಅಟೋಪಿಕ್ ಇಸಬು ಎಂದು ವೈದ್ಯರು ಬರೆಯುವುದು ಇದನ್ನೇ. ಉಳಿದವರ ಚರ್ಮ ಚೆನ್ನಾಗಿಯೇ ಇರುತ್ತದೆ. ತಿಕ್ಕಿ, ತೊಳೆದು, ಹಚ್ಚಿ ಅದನ್ನು ಕೆಡಿಸಿಕೊಂಡಿರುತ್ತೇವೆ. ರೆಪ್ಪೆಯ ಚರ್ಮದ ದಪ್ಪ ಅರ್ಧ ಮಿಲಿಮೀಟರ್ ಆಸುಪಾಸು. ಮೈಯಲ್ಲೇ ಅತಿ ತೆಳುವಾದದ್ದು ಅದು. ಅಂಗೈ ತಡೆದುಕೊಳ್ಳುವುದನ್ನು ರೆಪ್ಪೆ ತಡೆಯಲಾರದು.

ಇನ್ನೊಂದು ಮಾತು. ಇಂಟರ್‌ನೆಟ್ಟಿನಲ್ಲಿ ಕಾಣುವ ಇಸಬಿನ ಚಿತ್ರಗಳೆಲ್ಲ ಕೆಂಪಗಿರುತ್ತವೆ. ನಮ್ಮ ಗೋಧಿ ಬಣ್ಣದ, ಎಣ್ಣೆಗಪ್ಪಿನ ಮುಖಗಳಲ್ಲಿ ಅದು ಅಷ್ಟಾಗಿ ಕೆಂಪಗೆ ಕಾಣುವುದಿಲ್ಲ. ಬೂದು, ಕಂದು, ಕೆಲವೊಮ್ಮೆ ನೇರಳೆ ಛಾಯೆ. ಹಾಗಾಗಿ ಉರಿಯೂತ ನಡೆಯುತ್ತಿರುವಾಗಲೇ ಅದನ್ನು "ಟ್ಯಾನ್" ಎಂದುಕೊಂಡು ಬಿಳುಪಿನ ಕ್ರೀಮು, ನಿಂಬೆರಸ, ಕಡಲೆಹಿಟ್ಟಿನ ಉಜ್ಜಾಟ ಶುರುವಾಗುತ್ತದೆ. ಬೆಂಕಿಗೆ ತುಪ್ಪ.

ಈಗ ಜಾಗಗಳಿಗೆ ಬರೋಣ. ಮೂಗಿನ ಪಕ್ಕದ ಮಡಿಕೆ, ಹುಬ್ಬು, ಗಡ್ಡ, ಮೀಸೆಯ ಬುಡ, ಕಿವಿಯ ಸಂದುಗಳಲ್ಲಿ ಎಣ್ಣೆಯ ಪಸೆಯಿರುವ ಹಳದಿ ಹೊಟ್ಟು ಕಾಣುತ್ತಿದೆ, ತಲೆಯಲ್ಲೂ ಹೊಟ್ಟಿದೆ ಎಂದರೆ ಅದು ಬಹುಮಟ್ಟಿಗೆ ಸೆಬೊರಿಕ್ ಇಸಬು. ಎಲ್ಲರ ಚರ್ಮದ ಮೇಲೂ ಮಲಸೀಸಿಯಾ ಎಂಬ ಯೀಸ್ಟ್ ಇರುತ್ತದೆ. ಸ್ವಂತವಾಗಿ ಕೊಬ್ಬು ತಯಾರಿಸಲಾರದ ಜೀವಿ ಅದು, ನಮ್ಮ ಎಣ್ಣೆಯನ್ನೇ ತಿಂದು ಬದುಕುತ್ತದೆ. ನಿದ್ದೆಗೆಟ್ಟಾಗ, ಒತ್ತಡವಿದ್ದಾಗ, ಡಿಸೆಂಬರಿನ ಚಳಿಯಲ್ಲಿ ಇದು ಹೆಚ್ಚುತ್ತದೆ. ಬಿಟಿಎಂ ಲೇಔಟಿನ ಪಿಜಿಗಳಲ್ಲಿ ರಾತ್ರಿಪಾಳಿ ಮಾಡುವ ಹುಡುಗರಿಗೆ ಬಹುಶಃ ಇದನ್ನು ವಿವರಿಸಬೇಕಿಲ್ಲ. ಹೊಟ್ಟು ಕಂಡೊಡನೆ ಚರ್ಮ ಒಣಗಿದೆ ಎಂದುಕೊಂಡು ಎಣ್ಣೆ ಸವರುವುದು ರೂಢಿ. ಇಲ್ಲಿ ಅದು ಯೀಸ್ಟಿಗೆ ಬಡಿಸಿದ ಹಾಗೆ. ಕೀಟೊಕೊನಜೋಲ್ ಶ್ಯಾಂಪೂ ಅಥವಾ ಕ್ರೀಮಿಗೆ ಇದು ಸಾಮಾನ್ಯವಾಗಿ ಬಗ್ಗುತ್ತದೆ, ಆದರೆ ಮತ್ತೆ ಮತ್ತೆ ಬರುತ್ತದೆ. ಬರುತ್ತದೆಂದು ಮೊದಲೇ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆ.

ಹಣೆಯ ನಡುವೆ ದುಂಡಗೆ, ಅಳತೆ ತೆಗೆದಂತೆ ನವೆಯಿದ್ದರೆ ಕನ್ನಡಿಯ ಅಂಚಿಗೆ ಅಂಟಿಸಿಟ್ಟ ಬೊಟ್ಟುಗಳನ್ನೇ ನೋಡಬೇಕು. ಸ್ಟಿಕ್ಕರ್ ಬೊಟ್ಟಿನ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯೂಟೈಲ್ ಫಿನಾಲ್ ಎಂಬ ರಾಸಾಯನಿಕ ಇರುವುದುಂಟು. ಅದು ನವೆಯನ್ನಷ್ಟೇ ತರುವುದಿಲ್ಲ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ಹಾಳುಮಾಡಿ ಬೊಟ್ಟಿನ ಆಕಾರದಲ್ಲೇ ಬಿಳಿ ಕಲೆ ಉಳಿಸಬಲ್ಲದು. ಆ ಕಲೆ ಮುಚ್ಚಲು ಇನ್ನೂ ದೊಡ್ಡ ಬೊಟ್ಟು, ಆಮೇಲೆ ಇನ್ನೂ ದೊಡ್ಡ ಕಲೆ. ಕುಂಕುಮದ ಗುರುತು ಬೇರೆ ಥರ. ಅಂಚು ಸ್ಪಷ್ಟವಿರುವುದಿಲ್ಲ, ಬೆವರಿನ ಜೊತೆ ಮೂಗಿನತ್ತ ಇಳಿದಿರುತ್ತದೆ, ಬೈತಲೆಯಲ್ಲೂ ಇರಬಹುದು. ಅರಿಸಿನಕ್ಕೆ ಸುಣ್ಣ ಸೇರಿಸಿ ಕೆಂಪು ಮಾಡುತ್ತಿದ್ದ ಕುಂಕುಮದ ಜಾಗಕ್ಕೆ ಅಜೋ ಬಣ್ಣ, ಸುಗಂಧ, ಸಂರಕ್ಷಕ ಬೆರೆಸಿದ ಪುಡಿ ಬಂದು ಬಹಳ ಕಾಲವಾಯಿತು. ಮನೆಯಲ್ಲೇ ಮಾಡಿದ್ದು ನಿರಪಾಯ ಎನ್ನುವಂತೆಯೂ ಇಲ್ಲ, ಅರಿಸಿನಕ್ಕೇ ಅಲರ್ಜಿಯಾಗುವವರಿದ್ದಾರೆ. ಶುಕ್ರವಾರ ಕೆನ್ನೆಗೆ ಅರಿಸಿನ ಹಚ್ಚಿಕೊಂಡು ಶನಿವಾರ ಕೆರೆದುಕೊಳ್ಳುವವರು ಅದನ್ನು ದೇವರ ಮೇಲೆ ಹಾಕಬೇಕಾಗಿಲ್ಲ.

ಕೂದಲಂಚು, ಕಿವಿಯ ಮೇಲ್ತುದಿ, ಕುತ್ತಿಗೆಯ ಹಿಂಭಾಗ ಇವುಗಳ ಜೊತೆ ಬೆಳಗ್ಗೆ ಏಳುವಾಗ ರೆಪ್ಪೆ ಊದಿದ್ದರೆ ಹಿಂದಿನ ಒಂದೆರಡು ದಿನಗಳಲ್ಲಿ ಕೂದಲಿಗೆ ಬಣ್ಣ ಹಾಕಿಸಿದ್ದು ನೆನಪಾಗಬೇಕು. ಕಪ್ಪು ಬಣ್ಣದ ಮುಖ್ಯ ದ್ರವ್ಯ ಪಿಪಿಡಿ, ಅಂದರೆ ಪ್ಯಾರಾಫಿನೈಲೀನ್ ಡೈಅಮೀನ್. ಡಬ್ಬಿಯ ಮೇಲೆ "ಅಮೋನಿಯಾ ಇಲ್ಲ" ಎಂದಿದ್ದರೆ ಅದರಲ್ಲಿ ಅಮೋನಿಯಾ ಇಲ್ಲ, ಅಷ್ಟೇ, ಪಿಪಿಡಿ ಇರಬಹುದು. "ಕಪ್ಪು ಮೆಹೆಂದಿ" ಎಂದು ಮಾರುವ ಪುಡಿಯಲ್ಲೂ ಅದೇ ಇರುತ್ತದೆ. ಗೋರಂಟಿ ಸೊಪ್ಪಿನ ಸಹಜ ಬಣ್ಣ ಕಿತ್ತಳೆಗೆಂಪು, ಅದು ತಾನಾಗಿ ಕಪ್ಪಾಗುವುದಿಲ್ಲ. ಗಂಡಸರಲ್ಲಿ ಮೀಸೆಗೆ ಮಾತ್ರ ಬಣ್ಣ ಹಚ್ಚುವವರಿದ್ದಾರೆ, ಅವರಿಗೆ ಮೇಲ್ತುಟಿಯಲ್ಲಿ ಗುರುತು.

ರೆಪ್ಪೆ ಮಾತ್ರ ಕೆಟ್ಟಿದ್ದರೆ ಪತ್ತೆ ಕಷ್ಟ. ರೆಪ್ಪೆಗೆ ಏನನ್ನೂ ಹಚ್ಚದವರಿಗೂ ಅಲ್ಲೇ ಬರುತ್ತದೆ, ಯಾಕೆಂದರೆ ಉಗುರಿಗೆ ಹಚ್ಚಿದ ಪಾಲಿಷ್ ಕೈಯಿಂದ ಕಣ್ಣಿಗೆ ದಾಟುತ್ತದೆ. ಉಗುರಿನ ಸುತ್ತ ಏನೂ ಆಗಿರುವುದಿಲ್ಲ! ತಲೆ ತೊಳೆದ ಶ್ಯಾಂಪೂ ಹರಿದು ಬರುವುದೂ ಅಲ್ಲಿಗೇ. ಒಂದೇ ಕೆನ್ನೆಗೆ ಬಂದಿದ್ದರೆ ಮೊಬೈಲು ಹಿಡಿಯುವ ಕಡೆ ಯಾವುದು, ಮಗ್ಗುಲಾಗುವ ಕಡೆ ಯಾವುದು ನೋಡಿಕೊಳ್ಳಿ. ಗಂಡನ ಸೆಂಟು, ಹೆಂಡತಿಯ ತಲೆಗೆಣ್ಣೆ ಮತ್ತೊಬ್ಬರ ಕೆನ್ನೆಗೆ ಇಸಬು ತಂದದ್ದು ವೈದ್ಯಕೀಯ ಸಾಹಿತ್ಯದಲ್ಲಿ ದಾಖಲಾಗಿದೆ. ದಾಂಪತ್ಯದ ಈ ಅಧ್ಯಾಯ ಯಾವ ಕಾದಂಬರಿಕಾರರಿಗೂ ಹೊಳೆದಂತಿಲ್ಲ.

ಇನ್ನುಳಿದದ್ದು ಗಾಳಿಯಲ್ಲಿ ಬರುವುದು. ಬೆಂಗಳೂರಿಗೆ ಇದರಲ್ಲಿ ಒಂದು ಇತಿಹಾಸವೇ ಇದೆ.

ಪಾರ್ಥೇನಿಯಂ ಎಂದರೆ ಕೆಲವರಿಗೆ ತಿಳಿಯಲಿಕ್ಕಿಲ್ಲ, ಕಾಂಗ್ರೆಸ್ ಗಿಡ ಎಂದರೆ ಎಲ್ಲರಿಗೂ ಗೊತ್ತು. ಸೇವಂತಿಗೆಯಂಥ ಸೀಳೆಲೆ, ಮೇಲೆ ಉಪ್ಪು ಚೆಲ್ಲಿದಂತೆ ಪುಟ್ಟ ಬಿಳಿ ಹೂ. ಮೂಲ ಅಮೆರಿಕ ಖಂಡದ ಕಳೆ. 1950ರ ದಶಕದ ಮಧ್ಯದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಅಮೆರಿಕದ ಗೋಧಿಯ ಜೊತೆ ಬಂತೆಂದು ಜನರ ನಂಬಿಕೆ. ಒಂದೊಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಅಗೆದು ಬಿಟ್ಟ ಮಣ್ಣೆಂದರೆ ಅದಕ್ಕೆ ಹಬ್ಬ. ಜಯನಗರ ಯೋಜಿತ ಬಡಾವಣೆಯಾಗಿ ರೂಪುಗೊಂಡದ್ದು 1948ರಿಂದೀಚೆಗೆ. ಎಪ್ಪತ್ತು ಎಂಬತ್ತರ ದಶಕದ ಹೊತ್ತಿಗೆ ಬನಶಂಕರಿ, ಜೆ.ಪಿ. ನಗರಗಳು, ಬೈರಸಂದ್ರ ತಾವರೆಕೆರೆ ಮಡಿವಾಳಗಳ ಮೊದಲಕ್ಷರ ಹೊತ್ತ ಬಿಟಿಎಂ, ಎಲ್ಲವೂ ಗದ್ದೆ ತೋಟಗಳ ಮೇಲೆ ಹಬ್ಬುತ್ತಿದ್ದವು. ಕಲ್ಲು ನೆಟ್ಟು ಹಂಚಿದ ಸೈಟುಗಳು ವರ್ಷಗಟ್ಟಲೆ ಖಾಲಿ ಬಿದ್ದಿರುತ್ತಿದ್ದವು. ಅಲ್ಲೆಲ್ಲ ಎದೆಯೆತ್ತರ ಕಾಂಗ್ರೆಸ್ ಗಿಡ. ಹೋಗಿ ಬರುವ ದಾರಿ ಅದರ ನಡುವೆ.

ಗಿಡದ ಎಲೆ, ಕಾಂಡಗಳ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ವಸ್ತುವಿದೆ. ಒಣಗಿದ ಗಿಡದ ಪುಡಿ ಧೂಳಿನ ಜೊತೆ ಹಾರಿ ಮುಖದ ಮೇಲೆ ಕೂರುತ್ತದೆ. ಪರಾಗ ಮೂಗಿಗೆ ಹೋದರೆ ಸೀನು, ಪುಡಿ ಚರ್ಮಕ್ಕೆ ಹೋದರೆ ಇಸಬು. 1974ರಲ್ಲಿ ಲೋಣಕರ್, ಮಿಚೆಲ್, ಕ್ಯಾಲ್ನನ್ ಎಂಬ ವೈದ್ಯರು ಭಾರತದ ಈ ಕಾಯಿಲೆಯ ಬಗ್ಗೆ ಲಂಡನ್ನಿನ ಚರ್ಮವೈದ್ಯರ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಕರ್ನಾಟಕ ಸರ್ಕಾರ ಈ ಗಿಡವನ್ನು ಕಾನೂನಿನ ಪ್ರಕಾರ ಅಪಾಯಕಾರಿ ಕಳೆ ಎಂದು ಘೋಷಿಸಿತು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ.ವಿ. ಸುಬ್ಬರಾವ್ ಮತ್ತು ಸಂಗಡಿಗರು ಈ ಗಿಡಕ್ಕೆ ಒಡ್ಡಿಕೊಂಡವರ ಮೇಲೆ ನಡೆಸಿದ ಅಧ್ಯಯನ 1977ರಲ್ಲಿ ಪ್ರಕಟವಾಯಿತು. ಬೆಂಗಳೂರು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಶ್ರೀಪಾದ ಅಗಾಶೆ ನಗರದ ಗಾಳಿಯಲ್ಲಿ ತೇಲುವ ಪರಾಗಗಳನ್ನು ಹಿಡಿದು ಎಣಿಸುವ ಕೆಲಸಕ್ಕೆ ಕೈಹಾಕಿದರು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಕೆ.ಪಿ. ಜಯಂತ್ 1983ರಲ್ಲಿ ಮೆಕ್ಸಿಕೋದಿಂದ ಜೈಗೋಗ್ರಾಮಾ ಎಂಬ ದುಂಬಿ ತರಿಸಿ, ಅದು ಬೇರೆ ಬೆಳೆ ತಿನ್ನುವುದಿಲ್ಲವೆಂದು ಪರೀಕ್ಷಿಸಿ, ಮರುವರ್ಷ ಬಯಲಿಗೆ ಬಿಟ್ಟರು. ಬಿಳಿಚು ಬೆನ್ನಿನ ಮೇಲೆ ಕಂದು ಪಟ್ಟೆಗಳಿರುವ ಕಾಳಿನಷ್ಟು ದುಂಬಿ. ಮಳೆಗಾಲದಲ್ಲಿ ಗಿಡವನ್ನು ಬರೀ ಕಡ್ಡಿ ಮಾಡಿಬಿಡುತ್ತದೆ, ಬೇಸಿಗೆಯಲ್ಲಿ ಮಣ್ಣಿನೊಳಗೆ ಮಲಗುತ್ತದೆ. ಮುಂದೆ ಸೂರ್ಯಕಾಂತಿಗೂ ಬಾಯಿ ಹಾಕಿತೆಂದು ಗುಲ್ಲೆದ್ದು ತನಿಖೆಯೂ ನಡೆಯಿತು. ದುಂಬಿ ಉಳಿಯಿತು, ಗಿಡವೂ ಉಳಿಯಿತು. ಜೆ.ಪಿ. ನಗರದ ಎಂಟು ಒಂಬತ್ತನೇ ಹಂತದ ಕಡೆ, ಬನಶಂಕರಿ ಆರನೇ ಹಂತದ ಕಡೆ ಮಳೆ ಬಿದ್ದ ವಾರದಲ್ಲಿ ನಡೆದು ನೋಡಿ, ಎರಡೂ ಸಿಗುತ್ತವೆ.

ಪಾರ್ಥೇನಿಯಂ ತರುವ ಇಸಬನ್ನು ಗುರುತಿಸುವ ಬಗೆ ಚೆಂದ. ಬಿಸಿಲಿನ ಅಲರ್ಜಿಯೂ ಮುಖ, ಕುತ್ತಿಗೆಗೇ ಬರುತ್ತದೆ. ಆದರೆ ಬಿಸಿಲು ಬೀಳದ ಕಡೆ, ಅಂದರೆ ಮೇಲ್ರೆಪ್ಪೆಯ ಮಡಿಕೆ, ಕಿವಿಯ ಹಿಂಭಾಗ, ಗಲ್ಲದ ಕೆಳಗಿನ ನೆರಳಿನ ಜಾಗ, ಅದು ಬಿಟ್ಟಿರುತ್ತದೆ. ಧೂಳಿಗೆ ನೆರಳಿನ ಹಂಗಿಲ್ಲ, ಮಡಿಕೆಗಳಲ್ಲೇ ಹೆಚ್ಚು ಕೂರುತ್ತದೆ. ಹಾಗಾಗಿ ಆ ಮೂರು ಜಾಗ ನೋಡಿಯೇ ವೈದ್ಯರು ಅರ್ಧ ತೀರ್ಮಾನಕ್ಕೆ ಬರುತ್ತಾರೆ. ಕಾಲ ಕಳೆದಂತೆ ಕೆಲವರಿಗೆ ಬಿಸಿಲೂ ಆಗದಂತಾಗಿ ಎರಡೂ ಬೆರೆತುಹೋಗುವುದುಂಟು. ಇನ್ನೊಂದು ತೊಡಕೆಂದರೆ ಗಿಡದ ಕುಲಬಾಂಧವರು. ಸೇವಂತಿಗೆ, ಸೂರ್ಯಕಾಂತಿ, ಮರುಳುಮತ್ತಿ ಎಲ್ಲ ಅದೇ ಕುಟುಂಬ. ಪಾರ್ಥೇನಿಯಂ ಆಗದವರಿಗೆ ಸೇವಂತಿಗೆಯೂ ಆಗದಿರಬಹುದು. ಗಾಂಧಿ ಬಜಾರಿನಿಂದ ಮೊಳಗಟ್ಟಲೆ ತಂದು ಮನೆಯಲ್ಲಿ ಕಟ್ಟುವವರು, ಶ್ರಾವಣದಲ್ಲಿ ಮಾತ್ರ ನನ್ನ ಮುಖ ಯಾಕೆ ಕೆಡುತ್ತದೆ ಎನ್ನುವವರು ಇದನ್ನೊಮ್ಮೆ ಯೋಚಿಸಬಹುದು. ಮಲ್ಲಿಗೆ ಆ ಕುಟುಂಬದ್ದಲ್ಲ.

ಗಾಳಿಯ ಲೆಕ್ಕದಲ್ಲಿ ಊದುಬತ್ತಿ ಇದೆ, ಹೊಸದಾಗಿ ಬಳಿದ ಗೋಡೆಯ ಬಣ್ಣವಿದೆ. ನೀರಿನಲ್ಲಿ ಕಲಸುವ ಪೇಂಟು ಕೆಡದಿರಲೆಂದು ಹಾಕುವ ಮಿಥೈಲ್‌ಐಸೊಥಯಜೊಲಿನೋನ್ ಎಂಬ ಸಂರಕ್ಷಕ ವಾರಗಟ್ಟಲೆ ಗೋಡೆಯಿಂದ ಹೊರಬರುತ್ತದೆ. ಒದ್ದೆ ಟಿಶ್ಯೂಗಳಲ್ಲೂ ಶ್ಯಾಂಪೂಗಳಲ್ಲೂ ಅದು ಇರುತ್ತದೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2013ರಲ್ಲಿ ಇದಕ್ಕೆ ವರ್ಷದ ಅಲರ್ಜಿಕಾರಕ ಎಂಬ ಬಿರುದು ಕೊಟ್ಟಿತು. ರಸ್ತೆಯ ಧೂಳಂತೂ ಹೇಳಬೇಕಿಲ್ಲ. ಆರ್.ವಿ. ರಸ್ತೆಯಿಂದ ಹೊರಡುವ ಹಳದಿ ಮೆಟ್ರೋ 2025ರ ಆಗಸ್ಟಿನಲ್ಲಿ ಓಡತೊಡಗಿತು. ಅದಕ್ಕೂ ಮುಂಚೆ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕ ದಿನವೂ ಸ್ಕೂಟರಿನಲ್ಲಿ ಓಡಾಡಿದವರ ಮುಖ ಎಷ್ಟು ಸಿಮೆಂಟು ಕುಡಿದಿದೆಯೋ. ಧೂಳು ಎಲ್ಲರಿಗೂ ಅಲರ್ಜಿ ತರುವುದಿಲ್ಲ. ಗಾರೆ ಉದುರಿದ ಚರ್ಮವನ್ನು ಅದು ಕೆರಳಿಸುತ್ತದೆ, ಅಷ್ಟೇ ಸಾಕು.

ನೀರಿನ ಬಗ್ಗೆ ಎಲ್ಲರಿಗೂ ಒಂದು ಸಿದ್ಧಾಂತವಿದೆ. ಕಾವೇರಿ ನೀರು 1974ರಲ್ಲಿ ಬೆಂಗಳೂರಿಗೆ ಬಂತು. ಹಳೆಯ ಜಯನಗರದವರು ಅದನ್ನು ಕುಡಿದು ಅದರಲ್ಲೇ ಮಿಂದವರು. ಹೊರಗಿನ ಹಂತಗಳ ಅಪಾರ್ಟ್‌ಮೆಂಟುಗಳಲ್ಲಿ ಕೊಳವೆಬಾವಿ, ಅದು ಬತ್ತಿದರೆ ಟ್ಯಾಂಕರು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಜಗಳಗಳೇ ನಡೆದವು. ಗಡಸು ನೀರಿನಲ್ಲಿ ಸೋಪು ನೊರೆಯಾಗುವುದಿಲ್ಲ, ಹೆಚ್ಚು ಹಚ್ಚುತ್ತೇವೆ, ಅದರ ಪಸೆ ಚರ್ಮದ ಮೇಲೆ ಉಳಿಯುತ್ತದೆ. ಚರ್ಮ ಬಿಗಿಯುವುದು ನಿಜ. ಹಾಗೆಂದು ನೀರು ಮೆದುಗೊಳಿಸುವ ಯಂತ್ರಕ್ಕೆ ದುಡ್ಡು ಸುರಿಯುವ ಮೊದಲು ಇಂಗ್ಲೆಂಡಿನ ಒಂದು ಪ್ರಯೋಗ ತಿಳಿದಿರಲಿ. ಇಸಬಿದ್ದ 336 ಮಕ್ಕಳಲ್ಲಿ ಅರ್ಧ ಜನರ ಮನೆಗೆ ಆ ಯಂತ್ರ ಹಾಕಿ ನೋಡಿದರು. 2011ರಲ್ಲಿ ಬಂದ ಫಲಿತಾಂಶ: ಯಂತ್ರದಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ನೀರು ಬದಲಿಸುವುದಕ್ಕಿಂತ ಮುಖಕ್ಕೆ ಸೋಪು ಬಿಡುವುದು ಅಗ್ಗ. ಜೊತೆಗೆ ನಮ್ಮ ಹವೆ. ಬೆಂಗಳೂರಿನ ಚರ್ಮಕ್ಕೆ ಕಷ್ಟದ ಕಾಲ ಮೇ ತಿಂಗಳಲ್ಲ, ಫೆಬ್ರವರಿ ಮಾರ್ಚಿನ ಒಣ ಮಧ್ಯಾಹ್ನಗಳು. ಅದರ ಮೇಲೆ ಆಫೀಸಿನ ಏಸಿ. ಮುಖ ತೊಳೆದು ಒರೆಸಿದ ಎರಡು ಮೂರು ನಿಮಿಷದಲ್ಲಿ, ತೇವ ಇರುವಾಗಲೇ, ಸುಗಂಧವಿಲ್ಲದ ಮಾಯಿಶ್ಚರೈಸರ್ ಹಚ್ಚಿದರೆ ಆ ತಿಂಗಳುಗಳು ಹೇಗೋ ಕಳೆಯುತ್ತವೆ.

ಇಷ್ಟೆಲ್ಲದರ ನಡುವೆ, ನನ್ನ ಅಭಿಪ್ರಾಯದಲ್ಲಿ, ಈ ಊರಿನ ಮುಖಗಳಿಗೆ ಅತಿ ಹೆಚ್ಚು ಕೇಡು ಮಾಡಿರುವುದು ಧೂಳೂ ಅಲ್ಲ, ಕಳೆಯೂ ಅಲ್ಲ. ಮೆಡಿಕಲ್ ಶಾಪಿನ ಟ್ಯೂಬು.

ಸಂಜೆ ಏಳರ ಹೊತ್ತಿಗೆ ಯಾವುದೇ ಮುಖ್ಯರಸ್ತೆಯ ಔಷಧಿ ಅಂಗಡಿಯ ಮುಂದೆ ನಿಂತು ನೋಡಿ. "ಮುಖದಲ್ಲಿ ತುರಿಕೆ, ಏನಾದ್ರೂ ಕೊಡಿ." ಹುಡುಗ ಮುಖ ಎತ್ತಿಯೂ ನೋಡುವುದಿಲ್ಲ, ಹಿಂದಿನ ಡ್ರಾಯರ್ ಎಳೆದು ಒಂದು ಟ್ಯೂಬು ಕೌಂಟರಿನ ಮೇಲಿಡುತ್ತಾನೆ. ಅದರ ಮೇಲೆ ಸಣ್ಣಕ್ಷರದಲ್ಲಿ ಕ್ಲೋಬೆಟಸಾಲ್ ಎಂದೋ ಬೀಟಾಮೆಥಸೋನ್ ಎಂದೋ ಇರುತ್ತದೆ. ಜೊತೆಗೊಂದು ಆಂಟಿಬಯಾಟಿಕ್, ಒಂದು ಶಿಲೀಂಧ್ರನಾಶಕ. ಯಾವ ರೋಗವಾದರೂ ಒಂದಕ್ಕಾದರೂ ತಗಲಲಿ ಎಂಬ ಲೆಕ್ಕ. ಎರಡು ದಿನದಲ್ಲಿ ಮುಖ ಹೊಳೆಯುತ್ತದೆ. ಅಂಗಡಿಯವನು ದೇವರಾಗುತ್ತಾನೆ. ಬಿಟ್ಟ ವಾರದಲ್ಲಿ ಮೊದಲಿಗಿಂತ ಜೋರಾಗಿ ಮರಳುತ್ತದೆ, ಮತ್ತೆ ಟ್ಯೂಬು. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ ರಕ್ತನಾಳಗಳು ಕಾಣತೊಡಗುತ್ತವೆ, ಮೊಡವೆಯಂಥ ಗುಳ್ಳೆ, ಕೆನ್ನೆಯಲ್ಲಿ ಕೂದಲು, ಬಿಸಿಲಿಗೆ ಒಲೆಯ ಶಾಖಕ್ಕೆ ಉರಿ. ಇದನ್ನು ಸ್ಟೀರಾಯ್ಡಿನಿಂದ ಹಾಳಾದ ಮುಖ ಎಂದೇ ಭಾರತದ ಚರ್ಮವೈದ್ಯರು ಪ್ರತ್ಯೇಕ ಹೆಸರಿಟ್ಟು ಗುರುತಿಸಿದ್ದಾರೆ. ಇನ್ನು ಬಂದದ್ದು ಇಸಬೇ ಅಲ್ಲದೆ ಹುಳುಕಡ್ಡಿಯಾಗಿದ್ದರೆ ಸ್ಟೀರಾಯ್ಡು ಅದರ ಉಂಗುರದಂಥ ಅಂಚನ್ನು ಅಳಿಸಿ, ವೈದ್ಯರೂ ಗುರುತಿಸಲಾರದಂತೆ ವೇಷ ಬದಲಿಸಿಬಿಡುತ್ತದೆ.

ಮುಖಕ್ಕೇ ಯಾಕೆ ಇಷ್ಟು ಹಾನಿ? 1967ರಲ್ಲಿ ಫೆಲ್ಡ್‌ಮನ್, ಮೈಬಾಕ್ ಎಂಬಿಬ್ಬರು ಹೈಡ್ರೊಕಾರ್ಟಿಸೋನನ್ನು ಮೈಯ ಬೇರೆ ಬೇರೆ ಕಡೆ ಹಚ್ಚಿ ಒಳಗೆಷ್ಟು ಹೋಗುತ್ತದೆಂದು ಅಳೆದರು. ಮುಂಗೈಯಲ್ಲಿ 1 ಪಾಲು ಹೀರಿದರೆ ಹಣೆಯಲ್ಲಿ 6 ಪಾಲು, ದವಡೆಯ ಮೂಲೆಯಲ್ಲಿ 13 ಪಾಲು. ಕಾಲಿನ ದಪ್ಪ ಚರ್ಮಕ್ಕೆಂದು ಮಾಡಿದ ಔಷಧಿಯನ್ನು ದವಡೆಗೆ ಸವರಿದರೆ ಏನಾದೀತು, ಊಹಿಸಿ. ಕಣ್ಣ ಸುತ್ತ ದೀರ್ಘಕಾಲ ಹಚ್ಚಿದರೆ ಗ್ಲಾಕೋಮಾ, ಕಣ್ಣಿನ ಪೊರೆ ಬರುವ ಅಪಾಯವೂ ಇದೆ. ಚರ್ಮವೈದ್ಯರ ಸಂಘ ವರ್ಷಗಟ್ಟಲೆ ಹೋರಾಡಿದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ 14 ಸ್ಟೀರಾಯ್ಡು ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ಚೀಟಿಯಿಲ್ಲದೆ ಮಾರಬಾರದೆಂದಿತು. ಕಾಗದದ ಮೇಲೆ ಅದು ಈಗಲೂ ನಿಯಮವೇ.

ಹೀಗೆಂದು ಸ್ಟೀರಾಯ್ಡನ್ನೇ ವಿಷವೆನ್ನುವ ಇನ್ನೊಂದು ತುದಿಗೆ ಹೋಗಬೇಕಿಲ್ಲ. 1952ರಲ್ಲಿ ಹೈಡ್ರೊಕಾರ್ಟಿಸೋನ್ ಮುಲಾಮು ಬಂದದ್ದು ಚರ್ಮ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಸೌಮ್ಯವಾದದ್ದನ್ನು, ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟು ಅಳತೆಯಲ್ಲಿ ಹಚ್ಚಿದರೆ ಮುಖಕ್ಕೂ ಅದು ಒಳ್ಳೆಯ ಔಷಧಿ. ಅಳತೆಗೂ ಒಂದು ಲೆಕ್ಕವಿದೆ: ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಇಡೀ ಮುಖ ಕುತ್ತಿಗೆಗೆ ಅಂಥ ಎರಡೂವರೆ. ಹೆಚ್ಚು ಕಾಲ ಬೇಕಾದಾಗ ವೈದ್ಯರು ಟ್ಯಾಕ್ರೋಲಿಮಸ್ ಮುಲಾಮಿಗೆ ಬದಲಿಸುತ್ತಾರೆ. ಚರ್ಮ ತೆಳುವಾಗಿಸದ ಔಷಧಿ ಅದು, ಆದರೆ ಮೊದಲ ಕೆಲವು ದಿನ ಉರಿಯುತ್ತದೆ. ಈ ಮಾತನ್ನು ಮೊದಲೇ ಹೇಳದಿದ್ದರೆ ರೋಗಿ ಎರಡನೇ ದಿನಕ್ಕೇ ಅದನ್ನು ಎಸೆದು ಹಳೆಯ ಟ್ಯೂಬಿಗೆ ಮರಳುತ್ತಾನೆ. ಬಹಳ ಕಾಲ ಬಲವಾದ ಸ್ಟೀರಾಯ್ಡು ಹಚ್ಚಿದವರು ತಾವೇ ಧೈರ್ಯ ಮಾಡಿ ಒಂದೇ ಸಲ ನಿಲ್ಲಿಸದೆ, ಹಚ್ಚಿದ ಟ್ಯೂಬನ್ನೇ ಚರ್ಮವೈದ್ಯರ ಮುಂದಿಟ್ಟು ಕೇಳುವುದು ವಾಸಿ.

ಕಾರಣ ಸಂಪರ್ಕದ ಅಲರ್ಜಿಯೇ ಎಂಬ ಅನುಮಾನ ಬಲವಾದರೆ ಪ್ಯಾಚ್ ಟೆಸ್ಟ್ ಇದೆ. ಯಾದಾಸೋನ್ ಎಂಬ ವೈದ್ಯ 1895ರಲ್ಲಿ ವಿವರಿಸಿದ ಪರೀಕ್ಷೆ, ಈಗಲೂ ಹೆಚ್ಚು ಕಡಿಮೆ ಹಾಗೇ ಇದೆ. ಇದಕ್ಕೆ ಸೂಜಿಯಿಲ್ಲ, ರಕ್ತವಿಲ್ಲ. ಗುಂಡಿಯಷ್ಟು ಚಿಕ್ಕ ಬಟ್ಟಲುಗಳಲ್ಲಿ ಒಂದೊಂದು ವಸ್ತುವಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ಭಾರತಕ್ಕೆಂದೇ ಸಿದ್ಧಪಡಿಸಿದ ಪಟ್ಟಿಯಲ್ಲಿ ಸುಮಾರು 20 ವಸ್ತುಗಳಿವೆ: ನಿಕ್ಕಲ್, ಕ್ರೋಮೇಟು, ಸುಗಂಧಗಳ ಮಿಶ್ರಣ, ಪಿಪಿಡಿ, ನಿಯೋಮೈಸಿನ್, ಜೊತೆಗೆ ನಮ್ಮ ಪಾರ್ಥೇನಿಯಂ. 48 ಗಂಟೆ ಬೆನ್ನು ನೆನೆಯಬಾರದು, ಬೆವರಬಾರದು. ಮಾವಿನ ಕಾಲದ ಸೆಕೆಯಲ್ಲಿ ಮಾಡಿಸಿಕೊಂಡರೆ ಪಟ್ಟಿ ಕಿತ್ತು ಬರುತ್ತದೆ, ಸೆಪ್ಟೆಂಬರಿನ ನಂತರ ಅನುಕೂಲ. ತೆಗೆದ ದಿನ ಒಮ್ಮೆ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಎರಡನೇ ಸಲ ಹೋಗದೆ ಉಳಿಯುವವರು ಬಹಳ. ತಡವಾಗಿ ಏಳುವ ಗುಳ್ಳೆಯೇ ಮುಖ್ಯ ಸಾಕ್ಷಿಯಾಗಿರಬಹುದು. ವೈದ್ಯಕೀಯ ಕಾಲೇಜುಗಳ ಚರ್ಮ ವಿಭಾಗದಲ್ಲಿ ಕೇಳಿದರೆ ತಿಳಿಯುತ್ತದೆ. ನಮ್ಮ ಕಡೆಗೆ ವಿ.ವಿ. ಪುರಂನ ಕಿಮ್ಸ್, ಕೋರಮಂಗಲದ ಸೇಂಟ್ ಜಾನ್ಸ್, ಕೋಟೆಯ ಹತ್ತಿರ ವಿಕ್ಟೋರಿಯಾ ಇವೆ.

ಮನೆಯಲ್ಲೇ ಮಾಡಬಹುದಾದ ಚಿಕ್ಕ ಪರೀಕ್ಷೆಯೂ ಒಂದಿದೆ. ಅನುಮಾನವಿರುವ ಕ್ರೀಮನ್ನು ಮುಖಕ್ಕೆ ಬಿಟ್ಟು ಮೊಣಕೈಯ ಒಳಮಡಿಕೆಗೆ ದಿನಕ್ಕೆರಡು ಸಲ, ಒಂದೆರಡು ವಾರ ಹಚ್ಚಿ ನೋಡುವುದು. ಹಚ್ಚಿ ಬಿಡುವಂಥವುಗಳಿಗಷ್ಟೇ ಇದು. ಸೋಪು, ಶ್ಯಾಂಪೂ, ಹೇರ್ ಡೈಗಳನ್ನು ಹೀಗೆ ಹಚ್ಚಬಾರದು. ಡಬ್ಬಿ ಓದುವಾಗ "ಸುಗಂಧ ಸೇರಿಸಿಲ್ಲ" ಎಂಬುದನ್ನು ಹುಡುಕಬೇಕು. ವಾಸನೆ ಬರುವುದಿಲ್ಲ ಎಂದಷ್ಟೇ ಇದ್ದರೆ, ಮೂಲವಾಸನೆ ಮುಚ್ಚಲು ಇನ್ನೊಂದು ಸುಗಂಧ ಹಾಕಿರುವುದುಂಟು. ಗಿಡಮೂಲಿಕೆ, ಸಾವಯವ ಎಂಬ ಹಸಿರು ಅಕ್ಷರಕ್ಕೆ ಮರುಳಾಗಬೇಡಿ, ಪಾರ್ಥೇನಿಯಂ ಕೂಡ ನೂರಕ್ಕೆ ನೂರು ಗಿಡಮೂಲಿಕೆಯೇ. ಒಂದು ಪುಟ್ಟ ಡೈರಿ ಇಟ್ಟುಕೊಳ್ಳಿ: ಯಾವ ದಿನ, ಮುಖದ ಯಾವ ಜಾಗ, ಹಿಂದಿನ ಎರಡು ಮೂರು ದಿನ ಹೊಸದಾಗಿ ಏನು ಮುಟ್ಟಿತು. ಸಂಪರ್ಕದ ಅಲರ್ಜಿ ಏಳಲು ಒಂದೆರಡು ದಿನ ಬೇಕು, ಆದ್ದರಿಂದ ಬುಧವಾರದ ನವೆಗೆ ಮಂಗಳವಾರದ ಊಟವನ್ನು ಬೈಯುವ ಮೊದಲು ಭಾನುವಾರದ ಪಾರ್ಲರನ್ನು ನೆನಪಿಸಿಕೊಳ್ಳಿ.

ಕಾದು ನೋಡುವುದೆಲ್ಲ ಸಾಧಾರಣ ದಿನಗಳ ಮಾತು. ಇಸಬಿದ್ದ ಮುಖದಲ್ಲಿ ಇದ್ದಕ್ಕಿದ್ದಂತೆ ನೋವಿನ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಮೊಳೆ ಹೊಡೆದಂತೆ ಒಂದೇ ಅಳತೆಯ ಸಣ್ಣ ಸಣ್ಣ ಕುಳಿಗಳಾದರೆ, ಜೊತೆಗೆ ಜ್ವರ ಬಂದರೆ, ಅದು ಹರ್ಪಿಸ್ ವೈರಸ್ಸು ಇಸಬಿನ ಮೇಲೆ ಏರಿಬಂದದ್ದಿರಬಹುದು. ಕಣ್ಣಿನ ಹತ್ತಿರವಿದ್ದರಂತೂ ದೃಷ್ಟಿಗೇ ಅಪಾಯ. ಆಗ ಯಾವ ಕ್ರೀಮನ್ನೂ ಹಚ್ಚದೆ ಅಂದೇ ಆಸ್ಪತ್ರೆಗೆ ಹೋಗಬೇಕು, ಅದು ಭಾನುವಾರವಾದರೂ ಸರಿ, ತುರ್ತು ವಿಭಾಗಕ್ಕಾದರೂ ಸರಿ.